ಒಂದೇ ಮಂಚದ ವ್ಯಾನು

ನನ್ನ ಗಂಡ ಮೂವತ್ತು ವರ್ಷ ಬೋಟುಗಳು ನಿಲ್ಲುವ ಗಂಗೊಳ್ಳಿಯ ಧಕ್ಕೆಯಿಂದ ಮೀನು ಹಿಡಿಯಲು ಸಮುದ್ರಕ್ಕೆ ಹೋದವರು. ಅದರಲ್ಲಿ ಬಹುಪಾಲು ತಾಂಡೇಲರಾಗಿ, ಅಂದರೆ ಚುಕ್ಕಾಣಿ ಹಿಡಿದು, ಬೋಟು ಎಲ್ಲಿಗೆ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವವರಾಗಿ. ಅಷ್ಟು ವರ್ಷವೂ ನಾನು ಕಂಡದ್ದು ಅವರ ಬೆನ್ನನ್ನು. ಬಟ್ಟೆಯ ಚೀಲ ಹೆಗಲಿಗೇರಿಸಿ, ಕುಂದಾಪುರದ ಕೋಡಿಯ ನಮ್ಮ ಮನೆಯ ಗೇಟು ದಾಟಿ, ರಸ್ತೆಯ ತಿರುವಿನಲ್ಲಿ ಮರೆಯಾಗುವ ಬೆನ್ನು. ಹಿಂದಿನಿಂದ ಅವರ ಕೂದಲು ಯಾವಾಗ ಬೆಳ್ಳಗಾಗತೊಡಗಿತು, ಎಡ ಹೆಗಲು ಯಾವಾಗ ಕೊಂಚ ಇಳಿಯಿತು, ಎಲ್ಲ ನನಗೆ ಗೊತ್ತು. ಮುಖದ ವಿಷಯದಲ್ಲಿ ಅಷ್ಟು ಖಾತ್ರಿಯಾಗಿ ಹೇಳಲಾರೆ.

ನಮ್ಮ ಮನೆಯಲ್ಲೊಂದು ಕ್ರಮವಿತ್ತು. ಸಮುದ್ರಕ್ಕೆ ಹೊರಟವರನ್ನು ಎಲ್ಲಿಗೆ ಹೋಗುವುದು, ಯಾವಾಗ ಬರುವುದು ಎಂದು ಕೇಳಬಾರದು. ಮದುವೆಯಾಗಿ ಬಂದ ಹೊಸತರಲ್ಲಿ ಗೊತ್ತಿಲ್ಲದೆ ಬಾಯಿ ತೆರೆದ ನನ್ನನ್ನು ಅತ್ತೆ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಹೋಪತಿಗೆ ಕೇಂಬುಕಾಗ" ಎಂದಿದ್ದರು. ಹೊರಡುವಾಗ ಕೇಳಬಾರದು, ಅಷ್ಟೆ. ಯಾಕೆ ಎಂದು ಕೇಳುವುದಕ್ಕೂ ಬಿಡಲಿಲ್ಲ. ಇನ್ನೊಂದು ಕ್ರಮ, ಬೋಟಿಗೆ ಹೆಂಗಸರು ಕಾಲಿಡುವಂತಿಲ್ಲ. ಹೊಸ ಬೋಟನ್ನು ನೀರಿಗಿಳಿಸುವ ದಿನವೂ ನಾವು ದಡದಲ್ಲೇ ನಿಂತು ಆರತಿ ಎತ್ತಬೇಕು. ನನಗೆ ಅನ್ನ ಹಾಕಿದ, ನನ್ನ ಮಗಳ ಮದುವೆ ಮಾಡಿಸಿದ ಬೋಟಿನ ಒಳಗೆ ಏನೇನಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಇದಕ್ಕೆಲ್ಲ ಸಿಟ್ಟು ಮಾಡಿಕೊಂಡವಳಲ್ಲ ನಾನು. ಸುತ್ತಲಿನ ಮನೆಗಳಲ್ಲೂ ಹಾಗೇ ಇತ್ತು. ಆದರೆ ಒಂದು ಆಸೆ ಒಳಗೇ ಕೂತಿತ್ತು. ಒಂದು ಸಲವಾದರೂ ಇವರ ಬೆನ್ನು ನೋಡುತ್ತ ನಿಲ್ಲದೆ, ಇವರ ಪಕ್ಕದಲ್ಲಿ ಕೂತು ಎಲ್ಲಿಗಾದರೂ ಹೊರಡಬೇಕು.

ಹಿಂದಿನ ಚಳಿಗಾಲದಲ್ಲಿ ಬೋಟಿನಲ್ಲೇ ಅವರಿಗೆ ಎದೆ ಹಿಡಿದುಕೊಂಡಿತು. ದಡ ಮುಟ್ಟಿಸುವಷ್ಟರಲ್ಲಿ ಜೊತೆಯವರಿಗೆ ಸಾಕುಸಾಕಾಗಿತ್ತಂತೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿದ ಮೇಲೆ ಡಾಕ್ಟರು ಹೇಳಿದ್ದು ಒಂದೇ ಮಾತು. ಬೇಗ ಆಸ್ಪತ್ರೆ ಸಿಗದ ಜಾಗಕ್ಕೆ ಇನ್ನು ಹೋಗಬೇಡಿ. ಸಮುದ್ರ ಎಂಬ ಹೆಸರನ್ನು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮನೆಗೆ ಬಂದ ಮೇಲೆ ಇವರು ಜಗಲಿಯಲ್ಲಿ ಪಡುವಣಕ್ಕೆ ಮುಖ ಮಾಡಿ ಕೂರತೊಡಗಿದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಮಾತನಾಡಿಸಿದರೆ ಹ್ಞೂ ಎನ್ನುತ್ತಿದ್ದರು. ಇಷ್ಟು ವರ್ಷ ಕಾಯುತ್ತ ಕೂತ ನನಗೆ ಸಿಕ್ಕಿದ್ದು ಹ್ಞೂ ಎನ್ನುವ ಗಂಡ. ನನಗೆ ಅಳುವೂ ಬರುತ್ತಿತ್ತು, ಮೈಯೂ ಉರಿಯುತ್ತಿತ್ತು.

ನನ್ನ ಕತೆಯನ್ನೂ ಸ್ವಲ್ಪ ಹೇಳಬೇಕು. ನಾನು ಧಕ್ಕೆಯಲ್ಲಿ ಮೀನು ಕೊಂಡು ಊರೂರಿಗೆ ಮಾರುವವಳು. ಮೊದಲು ತಲೆಯ ಮೇಲೆ ಬುಟ್ಟಿ, ಆಮೇಲೆ ಬಾಡಿಗೆ ರಿಕ್ಷಾ. ರಿಕ್ಷಾದವನು ಮಂಜುಗಡ್ಡೆಯ ನೀರು ಸೀಟಿಗೆ ತಾಗಿತು ಎಂದು ದಿನವೂ ಮುಖ ಗಂಟಿಕ್ಕುತ್ತಿದ್ದ. ಒಂದು ದಿನ ತಲೆ ಕೆಟ್ಟು, ಡ್ರೈವಿಂಗ್ ಕಲಿತು, ನನ್ನದೇ ಒಂದು ಪುಟ್ಟ ಟೆಂಪೋ ಮಾಡಿಕೊಂಡೆ. ತೆಕ್ಕಟ್ಟೆ, ಸಾಸ್ತಾನ, ಬ್ರಹ್ಮಾವರದವರೆಗೆ ನನ್ನ ದಾರಿ. ಹಾರ್ನಿನ ಸದ್ದಿಗೇ ಜನ ಪಾತ್ರೆ ಹಿಡಿದು ಗೇಟಿಗೆ ಬರುತ್ತಾರೆ. ಇವರು ಮಾತ್ರ ಒಮ್ಮೆಯೂ ಆ ಟೆಂಪೋದಲ್ಲಿ ಕೂತವರಲ್ಲ. ಕುಂದಾಪುರ ಪೇಟೆಗೆ ಹೋಗುವುದಿದ್ದರೂ ಬಸ್ಸು. "ಮೀನ್ ಗಾಡಿಯಗೆ ಮೈ ನಾತ ಆತ್ತ್" ಎನ್ನುತ್ತಿದ್ದರು, ಮೂವತ್ತು ವರ್ಷ ಮೀನಿನ ಬೋಟಿನಲ್ಲಿ ಮಲಗಿದ ಮನುಷ್ಯ!

ಬ್ರಹ್ಮಾವರದಲ್ಲಿ ನನ್ನ ಹಳೆಯ ಗಿರಾಕಿಯೊಬ್ಬರಿದ್ದಾರೆ. ಮುಂಬೈಯಲ್ಲಿ ಬಹಳ ವರ್ಷ ಇದ್ದು ಗಂಡನ ಜೊತೆ ಊರಿಗೆ ಬಂದ ಹೆಂಗಸು. ಬಂಗುಡೆ ಆರಿಸುವಾಗ ಕಿವಿರು ಎತ್ತಿ ನೋಡದೆ ಬಿಡುವವರಲ್ಲ. ಅವರ ಮನೆಯ ಪಕ್ಕ ಹಲಸಿನ ಮರದಡಿ ಒಂದು ಉದ್ದನೆಯ ಹಳೇ ವ್ಯಾನು ನಿಂತಿರುತ್ತಿತ್ತು. ಕಿಟಕಿಗೆ ಹಳದಿ ಹೂವಿನ ಪರದೆ, ತಲೆಯ ಮೇಲೆ ಒಣಗಿದ ಎಲೆಯ ರಾಶಿ. ನಾನು ಅದನ್ನು ವರ್ಷಗಳಿಂದ ನೋಡಿದ್ದರೂ ಯಾವುದೋ ಶಾಲೆಯ ಹಳೇ ಗಾಡಿ ಇರಬೇಕೆಂದು ಸುಮ್ಮನಿದ್ದೆ. ಇವರು ಜಗಲಿ ಹಿಡಿದ ಮೇಲೆ ಒಂದು ದಿನ ಮೀನು ತೂಗುತ್ತ ಸುಮ್ಮನೆ ಕೇಳಿದೆ.

"ಅರೇ, ಅದ್ರಗೆ ನಾವಿಬ್ರೂ ಗೋವಾ, ರತ್ನಾಗಿರಿ ಎಲ್ಲ ತಿರ್ಗಿತ್. ಒಳ್ಗೇ ಅಡ್ಗಿ, ಒಳ್ಗೇ ನಿದ್ರಿ" ಎಂದರು ಆಕೆ. "ಈಗ್ ಅವರ ಮಂಡಿ ಹೋಯ್ತಲೆ. ಗುಜ್ರಿಯವ ಕೇಂತಾ ಇದ್ದ. ನಂಗೆ ಕೊಡೂಕೆ ಮನ್ಸೇ ಇಲ್ಲೆ. ಕಾಣ್ತ್ಯಾ ಒಳ್ಗೆ?"

ಕೈ ತೊಳೆದುಕೊಂಡು ಹತ್ತಿದೆ. ಒಳಗೆ ಧೂಳಿನ ಮತ್ತು ಹಳೇ ಕರ್ಪೂರದ ವಾಸನೆ. ಎಡಕ್ಕೊಂದು ಬಲಕ್ಕೊಂದು ಕಿರಿದಾದ ಮಂಚ, ನಡುವೆ ಒಬ್ಬರು ನಡೆಯುವಷ್ಟು ಜಾಗ. ಮೂಲೆಯಲ್ಲಿ ಕೈ ತೊಳೆಯುವ ಪುಟ್ಟ ತೊಟ್ಟಿ, ಸ್ಟೌ ಇಡುವ ಕಟ್ಟೆ, ಡಬ್ಬಗಳು ಬೀಳದ ಹಾಗೆ ಪಟ್ಟಿ ಹೊಡೆದ ಕಪಾಟು. ಎಡಗಡೆಯ ಮಂಚದಲ್ಲಿ ಕೂತು ಪರದೆ ಸರಿಸಿದರೆ ಹೊರಗೆ ನನ್ನ ಮೀನಿನ ಟೆಂಪೋ ಕಂಡಿತು. ಒಳಗೆ ಕೂತು ಹೊರಗಿನ ನನ್ನ ಗಾಡಿಯನ್ನು ನೋಡುವುದು ಚೆನ್ನಾಗಿತ್ತು. ಈ ಮಂಚ ನನ್ನದು, ಎದುರಿನದು ಇವರದು ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ವ್ಯಾನು ಹೊರಡುತ್ತದೋ ಇಲ್ಲವೋ ಎಂದು ಕೇಳಬೇಕೆಂಬುದೂ ನೆನಪಾಗಲಿಲ್ಲ.

ಮನೆಯಲ್ಲಿ ವಿಷಯ ಹೇಳಿದಾಗ ಇವರು ಎಂದಿನ ಹಾಗೆ ಹ್ಞೂ ಎಂದರು. ಮರುದಿನ ಬಸ್ಸು ಹಿಡಿದು ಬ್ರಹ್ಮಾವರಕ್ಕೆ ಬಂದು ವ್ಯಾನಿನ ಮುಂದೆ ನಿಂತಾಗ ಮಾತ್ರ ಅವರ ನಡಿಗೆಯೇ ಬೇರೆಯಾಯಿತು. ಅದಕ್ಕೆ ಒಂದು ಸುತ್ತು ಬಂದರು. ಬೆರಳ ಗಂಟಿನಿಂದ ಮೈ ತಟ್ಟಿ ಕಿವಿಗೊಟ್ಟರು. ಅಂಗಿ ಬಿಚ್ಚಿ ವ್ಯಾನಿನ ಅಡಿಗೆ ನುಗ್ಗಿ ಅಂಗಾತ ಮಲಗಿದರು. ಕಾಲೆರಡು ಮಾತ್ರ ಹೊರಗೆ ಕಾಣುತ್ತಿದ್ದವು. ಅಡಿಯಿಂದಲೇ ಮಾತು ಬಂತು, "ಅಡಿ ಪೂರ ತುಕ್ಕ್ ಹಿಡ್ದಿತ್ತ್. ಆರೆ ಎಲುಬು ಗಟ್ಟಿ ಇತ್ತ್ ಮಾರಾಯ್ತಿ." ಎಷ್ಟೋ ವಾರಗಳ ಮೇಲೆ ಅವರ ಬಾಯಿಂದ ಬಂದ ಉದ್ದನೆಯ ಮಾತು ಅದು. ನಾನು ಅಲ್ಲೇ ಆ ಹೆಂಗಸಿನ ಕೈ ಹಿಡಿದು, ಗುಜರಿಯವನಿಗೆ ಇನ್ನು ಬರಬೇಡ ಎಂದು ಹೇಳಿ, ವ್ಯಾನನ್ನು ನಾನೇ ಕೊಳ್ಳುತ್ತೇನೆ ಎಂದೆ.

ಎಂಜಿನ್ ಸತ್ತು ಮಲಗಿತ್ತು. ವ್ಯಾನನ್ನು ಎಳೆಯುವ ಗಾಡಿ ತರಿಸಿದೆವು. ಎಳೆಸಿಕೊಂಡು ಹೋಗುವ ವ್ಯಾನಿನಲ್ಲಿ ಯಾರೂ ಕೂರಬೇಕಾಗಿಲ್ಲ ಎಂದರೂ ಇವರು ಕೇಳದೆ ಸ್ಟೇರಿಂಗ್ ಹಿಡಿದು ಕೂತರು. ಹಿಂದಿನಿಂದ ನನ್ನ ಟೆಂಪೋ. ಸಾಸ್ತಾನದ ಟೋಲಿನಲ್ಲಿ ನಿಂತಾಗ ಬೂತಿನಲ್ಲಿದ್ದವನು ಇಣುಕಿ ನೋಡಿದ. ಎಂಜಿನ್ ಓಡದ ಗಾಡಿಯಲ್ಲಿ ಎದೆ ಸೆಟೆಸಿ ಕೂತು, ದೂರಕ್ಕೆ ಕಣ್ಣು ನೆಟ್ಟು ಸ್ಟೇರಿಂಗ್ ತಿರುಗಿಸುತ್ತಿರುವ ಮನುಷ್ಯನನ್ನು ಅವನು ಅದಕ್ಕೆ ಮೊದಲು ಕಂಡಿರಲಿಕ್ಕಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

ತೆಕ್ಕಟ್ಟೆಯ ಗ್ಯಾರೇಜಿನಲ್ಲಿ ಎಂಜಿನಿನ ಕೆಲಸ ಆಯಿತು. ಡೀಸೆಲ್ ಟ್ಯಾಂಕಿನ ಬಾಯಲ್ಲಿ ಕಣಜದ ಗೂಡಿತ್ತು, ಬ್ರೇಕಿನ ಪೈಪುಗಳನ್ನು ಇಲಿ ಕಡಿದಿತ್ತು. ಮೆಕ್ಯಾನಿಕ್ ಎಲ್ಲ ಸರಿ ಮಾಡಿ, ಅವನೇ ಓಡಿಸಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ ಹೋದ. ಮೇಲಿನ ಕೆಲಸವನ್ನು ಇವರೇ ಮಾಡುತ್ತೇನೆ ಎಂದರು. ಜೊತೆಗೆ ಗಂಗೊಳ್ಳಿಯಲ್ಲಿ ಬೋಟು ಕಟ್ಟುವ ಆಚಾರಿಯೊಬ್ಬರನ್ನು ಕರೆಸಿಕೊಂಡರು. ಆತ ಇವರ ಹಳೇ ಸ್ನೇಹಿತ, ಮಾತಿಗೂ ಎತ್ತಿದ ಕೈ, ಚಹಾಕ್ಕೂ ಎತ್ತಿದ ಕೈ. ಇಬ್ಬರೂ ಸೇರಿ ವ್ಯಾನಿನ ಮೇಲೆ ತಾಡಪಾಲು ಕಟ್ಟಿ ಕೆಲಸಕ್ಕೆ ಇಳಿದರು. ನಮ್ಮ ಅಂಗಳದಲ್ಲಿ ಸುತ್ತಿಗೆಯ ಸದ್ದು, ಮರದ ಪುಡಿಯ ವಾಸನೆ, ಹರಟೆ. ನಾನು ಬೆಳಿಗ್ಗೆ ಮೀನಿಗೆ ಹೋಗಿ ಮಧ್ಯಾಹ್ನ ಬರುವಾಗ ಇವರ ದನಿ ಗೇಟಿನ ತನಕ ಕೇಳುತ್ತಿತ್ತು. ಅದೊಂದಕ್ಕೇ ನಾನು ಆ ವ್ಯಾನಿಗೆ ಕೈ ಮುಗಿಯುತ್ತಿದ್ದೆ.

ಅವರಿಬ್ಬರೂ ಕಟ್ಟುತ್ತಿರುವುದು ವ್ಯಾನು ಅಲ್ಲ ಎಂದು ನನಗೆ ಹೊಳೆದದ್ದು ನಿಧಾನವಾಗಿ. ಮೊದಲು ಬಣ್ಣ. ಬೋಟಿಗೆ ಬಳಿದು ಉಳಿದ ನೀಲಿ ಬಣ್ಣವೇ ಮೈಗೆಲ್ಲ ಬಂತು, ಅಂಚಿಗೆ ಕೆಂಪು ಪಟ್ಟಿ. ಆಮೇಲೆ ಟೈರು. ಧಕ್ಕೆಗೆ ತಾಗಿ ಮೈ ಕೆರೆಯದಿರಲಿ ಎಂದು ಬೋಟಿನ ಬದಿಗೆ ಹಳೇ ಟೈರು ನೇತು ಹಾಕುತ್ತಾರಲ್ಲ, ಹಾಗೆ ವ್ಯಾನಿನ ಮೂತಿಗೆ ಎರಡು, ಹಿಂದಕ್ಕೆ ಎರಡು ಟೈರು ಬಂದವು. "ಇದ್ ರಸ್ತೆ ಮೇಲ್ ಹೋಪ್ದಾ, ಅಳ್ವಿ ದಾಟುದಾ?" ಎಂದು, ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ ಕೈ ತೋರಿಸಿ ನಾನು ತಮಾಷೆ ಮಾಡಿದೆ. ಆಚಾರಿ ಗಂಭೀರವಾಗಿ, "ಎಲ್ಲಿಗ್ ಹೋದ್ರೂ ಮೈ ಮೈಯೇ ಅಲ್ದಾ ಅಕ್ಕಾ" ಎಂದರು.

ಇನ್ನೊಂದು ಸಂಗತಿಯನ್ನು ನಾನು ಗಮನಿಸದೆ ಹೋದೆ. ಒಳಗೆ ಹೇಗಾಗಿದೆ ನೋಡೋಣವೆಂದು ಹತ್ತಲು ಹೋದಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ದಿನ "ಬಣ್ಣ ಹಸಿ ಇತ್ತ್", ಇನ್ನೊಂದು ದಿನ "ಮೊಳಿ ಬಿದ್ದಿತ್ತ್, ಕಾಲಿಗ್ ತಾಗತ್ತ್", ಮತ್ತೊಂದು ದಿನ ಬರೀ "ಈಗ್ ಬ್ಯಾಡ". ಚಹಾವನ್ನು ಕಿಟಕಿಯಲ್ಲೇ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು, ಖಾಲಿ ಲೋಟ ಕಿಟಕಿಯಲ್ಲೇ ವಾಪಸು. ಕೆಲಸದ ಗಡಿಬಿಡಿ ಎಂದುಕೊಂಡೆ. ಅವರು ಬೇಕೆಂದು ಮಾಡಿದ್ದಲ್ಲ ಎಂದು ಈಗ ನನಗೆ ಗೊತ್ತು. ಅವರ ಕೈಕಾಲಿಗೆ ಅಭ್ಯಾಸವಾದದ್ದನ್ನು ಕೈಕಾಲು ಮಾಡುತ್ತಿತ್ತು.

ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು ಸಿಡಿಲಿನ ಜೊತೆ ಮೊದಲ ಮಳೆ ಹೊಡೆಯಿತು. ತಾಡಪಾಲು ಗಾಳಿಗೆ ಹಾರಿ ಬಾಳೆಗಿಡದ ಮೇಲೆ ಬಿತ್ತು. ವ್ಯಾನಿನ ಮೇಲಿನ ಗಾಳಿಕಿಂಡಿಗೆ ಇನ್ನೂ ಮುಚ್ಚಳ ಕೂರಿಸಿರಲಿಲ್ಲ. ಮಳೆ ಬಿಟ್ಟ ಮೇಲೆ ಹೋಗಿ ಬಾಗಿಲು ತೆರೆದ ಇವರು ಹೊಸಿಲಲ್ಲೇ ನಿಂತುಬಿಟ್ಟರು. ಒಳಗೆ ಪಾದ ಮುಳುಗುವಷ್ಟು ನೀರು. ಬಾಗಿಲಿಗೂ ಬೋಟಿನಂತೆ ಎತ್ತರದ ಹೊಸಿಲು ಕಟ್ಟಿದ್ದರು. ಆಚಾರಿಯವರು ನೆಲದ ಹಲಗೆಯ ಸಂದು ಸಂದಿಗೂ ಹತ್ತಿ ತುರುಕಿ ರಾಳ ಹೊಯ್ದು, ಒಂದು ತೊಟ್ಟು ನೀರೂ ಅಡಿಯಿಂದ ಒಳಗೆ ಬರದ ಹಾಗೆ ಮಾಡಿದ್ದರಲ್ಲ, ಮೇಲಿನಿಂದ ಬಂದ ನೀರಿಗೆ ಹೊರಗೆ ಹೋಗಲು ಸೂಜಿಮೊನೆಯಷ್ಟು ದಾರಿ ಇರಲಿಲ್ಲ. ಅಡಿಯಲ್ಲಿ ಸಮುದ್ರವೇ ಇಲ್ಲದ ಗಾಡಿಗೆ ಇವರಿಬ್ಬರೂ ಸಮುದ್ರವನ್ನು ತಡೆಯುವ ಕೆಲಸ ಮಾಡಿಟ್ಟಿದ್ದರು!

ನಾನು ಬಯ್ಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಪಂಚೆ ಎತ್ತಿ ಕಟ್ಟಿ, ಅಡುಗೆಮನೆಯಿಂದ ಡಬ್ಬವೊಂದನ್ನು ತಂದು ನೀರು ಮೊಗೆದು ಹೊರಗೆ ಎರಚತೊಡಗಿದರು. ಮೊಗೆಯುವುದು, ಎರಚುವುದು, ಒಂದೇ ಲಯದಲ್ಲಿ. ಒಂದು ಡಬ್ಬ ನೀರು ನೇರ ನನ್ನ ಮೇಲೇ ಬಿತ್ತು. ನಾನು ಕಿರುಚಿದ್ದಕ್ಕೆ ಇವರು ನಕ್ಕರು. ಬಾಯಿ ತುಂಬ, ಹೊಟ್ಟೆ ಹಿಡಿದುಕೊಂಡು ನಕ್ಕರು. ಬೋಟಿನಲ್ಲಿ ಇವರು ಹೀಗಿರುತ್ತಿದ್ದರೋ ಏನೋ, ನಾನು ಕಂಡಿರಲಿಲ್ಲ. ಒದ್ದೆ ಸೀರೆಯಲ್ಲಿ ಅಂಗಳದಲ್ಲಿ ನಿಂತು ನನಗೆ ಎಷ್ಟು ಸಂತೋಷವಾಯಿತೆಂದರೆ, ಬೈಗುಳವೆಲ್ಲ ಮರೆತೇ ಹೋಯಿತು.

ಮರುದಿನ ಇವರು ಆಚಾರಿಯವರ ಜೊತೆ ಪೇಟೆಗೆ ಹೋದಾಗ, ಒದ್ದೆಯಾದ ಹಾಸಿಗೆಯನ್ನು ಬಿಸಿಲಿಗೆ ಹಾಕೋಣವೆಂದು ವ್ಯಾನು ಹತ್ತಿದೆ. ಕೆಲಸ ಶುರುವಾದ ಮೇಲೆ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಚೆಂದ ಮಾಡಿದ್ದರು, ಸುಳ್ಳು ಹೇಳಬಾರದು. ಹಲಗೆಗಳು ಹೊಳೆಯುತ್ತಿದ್ದವು, ಲಾಟೀನು ನೇತು ಹಾಕಲು ಕೊಂಡಿ, ಹಗ್ಗ ಸುತ್ತಿಡಲು ಗೂಟ, ದೇವರ ಪಟಕ್ಕೆ ಪುಟ್ಟ ಗೂಡು. ಬಲಗಡೆ ಅವರ ಮಂಚ. ಎಡಗಡೆ, ನಾನು ಕೂತು ಪರದೆ ಸರಿಸಿದ್ದ ಜಾಗದಲ್ಲಿ, ಮಂಚವಿರಲಿಲ್ಲ. ಅದನ್ನು ಕಿತ್ತು ಹಾಕಿ ಗೋಡೆಯುದ್ದಕ್ಕೂ ಕಪಾಟು ಹೊಡೆದಿದ್ದರು. ಅದರೊಳಗೆ ಆಗಲೇ ಎರಡು ಸುರುಳಿ ಹಗ್ಗ ಮತ್ತು ಒಂದು ಟಾರ್ಚು ಬಂದು ಕೂತಿದ್ದವು.

ಹಾಸಿಗೆಯನ್ನು ಅಲ್ಲೇ ಬಿಟ್ಟು ಇಳಿದೆ. ಇವರು ಬಂದ ಕೂಡಲೇ ಗೇಟಿನಲ್ಲೇ ಕೇಳಿದೆ, "ಹ್ವಾಯ್, ನಾ ಎಲ್ಲಿ ಮಲ್ಕಂಬುದು?"

ಅವರಿಗೆ ಅರ್ಥವಾಗಲಿಲ್ಲ. ಮನೆಯ ಕಡೆ ನೋಡಿದರು, ವ್ಯಾನಿನ ಕಡೆ ನೋಡಿದರು. ಆಮೇಲೆ, ಸ್ವಲ್ಪವೂ ಕಪಟವಿಲ್ಲದೆ ಕೇಳಿದರು, "ನೀನೂ ಬತ್ಯಾ?"

ಜಗಳದ ಮಾತಾಗಿದ್ದರೆ ನಾನು ನಾಲ್ಕು ಮಾತು ಹೆಚ್ಚೇ ಆಡುತ್ತಿದ್ದೆ. ಅದು ಜಗಳದ ಮಾತಾಗಿರಲಿಲ್ಲ. ನಿಜವಾಗಿಯೂ ಅವರ ತಲೆಗೆ ಬಂದಿರಲಿಲ್ಲ. ಅವರಿಗೆ ಹೊರಡುವುದೆಂದರೆ ನಾನು ಮನೆಯಲ್ಲಿ ಉಳಿಯುವುದು. ವ್ಯಾನು ಹುಡುಕಿದವಳು ನಾನು, ಕೊಂಡವಳು ನಾನು, ಆದರೂ ಅದು ಹೊರಡುವ ದಿನ ನಾನು ಇದೇ ಗೇಟಿನಲ್ಲಿ ಆರತಿ ಹಿಡಿದು ನಿಲ್ಲಬೇಕಿತ್ತು. ಒಳಗೆ ಹೋಗಿ ಬಂಗುಡೆ ಹೆಚ್ಚಲು ಕೂತೆ, ಬೇಕಾದ್ದಕ್ಕಿಂತ ಸಣ್ಣಗೆ ಹೆಚ್ಚಿದೆ.

ಮಾತು ಬಿಟ್ಟೆ. ಊಟ ಬಡಿಸುವುದು ಬಿಡಲಿಲ್ಲ, ಔಷಧಿ ಕೊಡುವುದು ಬಿಡಲಿಲ್ಲ, ಮಾತು ಮಾತ್ರ ಬಿಟ್ಟೆ. ಈಗ ಹ್ಞೂ ಎನ್ನುವ ಸರದಿ ನನ್ನದು. ಬೈಂದೂರಿನಲ್ಲಿರುವ ಮಗಳು ಫೋನು ಮಾಡಿದಾಗ ಹೇಳಿಕೊಂಡೆ. ಅವಳು ಬಿದ್ದು ಬಿದ್ದು ನಕ್ಕಳು. "ಅಪ್ಪಯ್ಯ ಬೋಟ್ ಕಟ್ಟಿರ್ ಅಮ್ಮಾ. ನೀನ್ ದಡದಗೇ ನಿಂತ್ಕೊ" ಎಂದಳು. ನಾನು ನಗಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಅಪ್ಪಯ್ಯನ್ ಹತ್ರ ನಾನ್ ಹೇಳ್ಕಾ?" ಎಂದಳು. ಬೇಡ ಎಂದೆ. ಮಗಳು ಹೇಳಿ ಗಂಡನ ಪಕ್ಕ ಕೂರುವುದು ನನಗೆ ಬೇಕಿರಲಿಲ್ಲ.

ಆ ವಾರದಲ್ಲೇ ಒಂದು ಮಧ್ಯಾಹ್ನ ನಾನು ಮೀನು ಮಾರಿ ಬರುವಾಗ ವ್ಯಾನು ಅಂಗಳದಲ್ಲಿ ಇರಲಿಲ್ಲ. ಟೆಂಪೋ ನಿಲ್ಲಿಸಿ ಹಿಂದಕ್ಕೆ ಓಡಿದೆ. ನೋಡಿದರೆ ಮನೆಯ ಹಿಂದಿನ ಖಾಲಿ ಬಯಲಿನಲ್ಲಿ ಇವರು ಒಬ್ಬರೇ ಅದನ್ನು ಓಡಿಸುತ್ತಿದ್ದಾರೆ. ಮೆಕ್ಯಾನಿಕ್ ಕ್ಲಚ್ಚು, ಗೇರು ಏನೆಂದು ಹೇಳಿಕೊಟ್ಟಿದ್ದನಂತೆ. ದೊಡ್ಡ ದೊಡ್ಡ ಸುತ್ತು ಹೊಡೆಯುತ್ತ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತ, ಅವರು ಬಲು ಗಂಭೀರವಾಗಿದ್ದರು. ಕೈ ಬೀಸಿ ನಿಲ್ಲಿಸಿ ಎಂದೆ. ಅವರು ಕೈ ಬೀಸಿ, ಕಂಡೆ ಎಂಬಂತೆ ತಲೆಯಾಡಿಸಿ, ವ್ಯಾನನ್ನು ಅಂಗಳದ ಕಡೆಗೆ ತಿರುಗಿಸಿದರು.

ಬಯಲಿನಿಂದ ಅಂಗಳಕ್ಕೆ ಸ್ವಲ್ಪ ಇಳಿಜಾರು. ಹಿಂದಿನ ಗೇಟು ಇನ್ನೂ ದೂರ ಇರುವಾಗಲೇ ಇವರು ಎಂಜಿನ್ ಆಫ್ ಮಾಡಿದರು. ಧಕ್ಕೆಗೆ ಬರುವ ಬೋಟು ಹಾಗೆಯೇ ಬರುತ್ತದೆ, ದೂರದಲ್ಲೇ ಎಂಜಿನ್ ನಿಲ್ಲಿಸಿದರೆ ನೀರೇ ಅದರ ವೇಗ ತಿಂದು, ಮೆತ್ತಗೆ ತಂದು ಕಟ್ಟೆಗೆ ತಾಗಿಸುತ್ತದೆ. ನಾನು ದಡದಿಂದ ಎಷ್ಟು ಸಲ ನೋಡಿಲ್ಲ? ಇವರು ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತು, ವ್ಯಾನು ನಿಧಾನವಾಗುವುದನ್ನು ಕಾಯುತ್ತಿದ್ದರು. ವ್ಯಾನು ನಿಧಾನವಾಗಲಿಲ್ಲ. ಗೇಟು ದಾಟಿತು, ಬಾವಿಯನ್ನು ದಾಟಿತು, "ಬ್ರೇಕ್! ಬ್ರೇಕ್ ಒತ್ತಿ!" ಎಂದು ನಾನು ಕಿರುಚುತ್ತ ಓಡುವಾಗ ಹೋಗಿ ಮೂಲೆಯ ತೆಂಗಿನ ಮರಕ್ಕೆ ಗುದ್ದಿ ನಿಂತಿತು. ಮರದಿಂದ ಒಂದು ಸೋಗೆ ಬಿತ್ತು. ಮೂತಿಗೆ ಕಟ್ಟಿದ್ದ ಎರಡು ಟೈರುಗಳಿಂದಾಗಿ ವ್ಯಾನಿಗೆ ಒಂದು ಗೀರೂ ಆಗಲಿಲ್ಲ. ಇವರಿಗೂ ಏನೂ ಆಗಲಿಲ್ಲ.

ಬಾಗಿಲು ತೆಗೆದೆ. ಅವರ ಕೈ ಸ್ಟೇರಿಂಗಿನಲ್ಲೇ ಇತ್ತು. ಎದೆ ನೋವೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು.

"ಇದ್ ನಿಲ್ಲುದೇ ಇಲ್ಯಲೆ!" ಎಂದರು.

"ಬ್ರೇಕ್ ಎಂತಕೆ ಒತ್ಲಿಲ್ಲ?"

"ಬೋಟಿಗ್ ಬ್ರೇಕ್ ಎಲ್ಲಿತ್ತ್?"

ನಾನು ಮಾತು ಬಿಟ್ಟದ್ದು ಅಲ್ಲಿಗೆ ಮುರಿದು ಬಿತ್ತು. ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಕೆಳಗಿಳಿಯಿರಿ ಎಂದೆ. ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಹತ್ತಿ ಕೂತೆ. ಎಂಜಿನ್ ಹಾಕಿ, ಕನ್ನಡಿಯಲ್ಲಿ ಹಿಂದೆ ನೋಡಿ, ತೆಂಗಿನ ಮರಕ್ಕೂ ಬಾವಿಯ ಕಟ್ಟೆಗೂ ನಡುವಿನ ಇಕ್ಕಟ್ಟಿನಲ್ಲಿ ವ್ಯಾನನ್ನು ಹಿಂದಕ್ಕೆ ತಂದು, ಮೊದಲಿದ್ದ ಜಾಗದಲ್ಲಿ ನಿಲ್ಲಿಸಿದೆ. ಬೆಳಗಿನ ಧಕ್ಕೆಯ ಗಲಾಟೆಯಲ್ಲಿ, ಲಾರಿಗಳ ಸಂದಿಯಲ್ಲಿ ದಿನವೂ ಮಾಡುವ ಕೆಲಸ. ನನಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಇವರು ಬಾವಿಯ ಪಕ್ಕ ನಿಂತು ನೋಡುತ್ತಿದ್ದರು. ನಾನು ಗಾಡಿ ಓಡಿಸುವುದನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಿದ್ದ ಸೋಗೆಯನ್ನು ಎಳೆದುಕೊಂಡು ಹಿತ್ತಲಿಗೆ ಹೋದರು.

ಎರಡು ದಿನ ಕಳೆದ ಮೇಲೆ, ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ ಒಂದು ಹುರಿಹಗ್ಗ ಹಿಡಿದುಕೊಂಡು ಬಂದರು. "ಎದ್ದ್ ನಿಲ್ಲ್ ಕಾಂಬ" ಎಂದರು. ಯಾಕೆ ಎಂದೆ. ಅವರು ಹಗ್ಗ ಬಿಡಿಸತೊಡಗಿದರು. ಎದ್ದು ನಿಂತೆ. ಹಗ್ಗದ ಒಂದು ತುದಿಯನ್ನು ನನ್ನ ಹಿಮ್ಮಡಿಯ ಹತ್ತಿರ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ನೆತ್ತಿಯ ತನಕ ಎಳೆದು, ಅಲ್ಲೊಂದು ಗಂಟು ಹಾಕಿದರು. "ಇಷ್ಟೇ ಉದ್ದವಾ ನೀನ್?" ಎಂದರು ಆಶ್ಚರ್ಯದಿಂದ. ಇಷ್ಟು ವರ್ಷದ ಸಂಸಾರದಲ್ಲಿ ಇವರಿಗೆ ನನ್ನ ಎತ್ತರ ಗೊತ್ತಿರಲಿಲ್ಲ. ನಾನು ಮತ್ತೆ ಕೂತು ಅಕ್ಕಿಯಲ್ಲಿ ಕಲ್ಲು ಹುಡುಕಿದೆ. ಹೊರಗೆ ಗರಗಸದ ಸದ್ದು ಶುರುವಾಯಿತು.

ಜುಲೈ ಮುಗಿಯುವ ತನಕ ಆ ಕೆಲಸ ಸಾಗಿತು. ಗೋಡೆಯುದ್ದದ ಕಪಾಟು ಕಿತ್ತು ಬಂತು. ಹಗ್ಗದ ಸುರುಳಿಗಳು ಹಿತ್ತಲ ಕೊಟ್ಟಿಗೆಗೆ ಹೋದವು. ಆಚಾರಿಯವರು ನೆಲದ ಮೂಲೆಯಲ್ಲಿ ನೀರು ಹೋಗಲು ತೂತು ಕೊರೆಯುವಾಗ, ಕಟ್ಟಿದ ಕೈಯಲ್ಲೇ ತೂತು ಮಾಡುವುದೆಂದರೆ ಕರುಳು ಕಿವುಚಿದ ಹಾಗಾಗುತ್ತದೆ ಎಂದು ಗೊಣಗುತ್ತಿದ್ದರು. ಎಡಗಡೆಯ ಕಿಟಕಿಯ ಕೆಳಗೆ ಮಂಚ ಬಂತು. ಇನ್ನು ಯಾರೂ ನನಗೆ ಬಣ್ಣ ಹಸಿ ಇದೆ ಎಂದು ಹೇಳಲಿಲ್ಲ. ಚಹಾ ಕೊಡಲು ಹೋದರೆ "ಒಳ್ಗ್ ಬಾ, ಇಲ್ಲೇ ಕೂಕೊ" ಎನ್ನುತ್ತಿದ್ದರು. ಹಳದಿ ಹೂವಿನ ಹಳೇ ಪರದೆಯನ್ನು ಒಗೆದು, ಹರಿದಲ್ಲಿ ಹೊಲಿದು, ಮತ್ತೆ ನಾನೇ ಕಟ್ಟಿದೆ.

ಆದರೂ ಜೂನಿನ ಕೊನೆಯಿಂದಲೇ ನನಗೊಂದು ಹೆದರಿಕೆ ಇತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳೆಲ್ಲ ಒಂದೇ ಸಲ ಹೊರಡುತ್ತವೆ. ಅಳಿವೆಯ ಬಾಯಲ್ಲಿ ಸಾಲಾಗಿ ಹೋಗುವ ಎಂಜಿನುಗಳ ಸದ್ದು ನಮ್ಮ ಜಗಲಿಗೆ ಚೆನ್ನಾಗಿ ಕೇಳುತ್ತದೆ. ಆ ಸಾಲಿನಲ್ಲಿ ಇವರು ಇಲ್ಲದ ಮೊದಲ ವರ್ಷ ಇದು. ಆ ದಿನ ಹತ್ತಿರ ಬಂದ ಹಾಗೆ ಇವರು ಕೆಲಸದ ನಡುವೆ ಸುತ್ತಿಗೆ ಹಿಡಿದೇ ಸುಮ್ಮನೆ ನಿಲ್ಲುತ್ತಿದ್ದರು. ಮತ್ತೆ ಜಗಲಿಗೆ ಹೋಗಿ ಕೂತುಬಿಟ್ಟರೆ ಎಬ್ಬಿಸುವುದು ನನ್ನಿಂದಾಗದು ಎಂದು ನನಗೆ ಗೊತ್ತಿತ್ತು. ಹಾಗಾಗಿ ಒಂದು ತೀರ್ಮಾನ ಮಾಡಿದೆ. ಬೋಟು ಹೊರಡುವ ದಿನ ನಾವು ಮನೆಯಲ್ಲಿ ಇರುವುದಿಲ್ಲ. ಅವತ್ತು ಬೆಳಿಗ್ಗೆ ವ್ಯಾನಿನಲ್ಲಿ ಹೊರಡುವುದು ಎಂದಷ್ಟೇ ಇವರಿಗೆ ಹೇಳಿದೆ.

ಆ ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಇವರು ವ್ಯಾನಿನ ಮೂತಿಗೆ ಕುಂಕುಮ ಹಚ್ಚಿ ಸೇವಂತಿಗೆ ಮಾಲೆ ಹಾಕಿದರು. ಕಾಯಿ ಒಡೆದರು. ನಾನು ಕೆಳಗೆ ನಿಂತು ಆರತಿ ಎತ್ತಿದೆ. ಇವರು ಅಭ್ಯಾಸದ ಹಾಗೆ ನನ್ನ ಕಡೆ ನೋಡದೆ, ಬಟ್ಟೆಯ ಚೀಲ ಹೆಗಲಿಗೇರಿಸಿ ವ್ಯಾನಿನ ಪಕ್ಕದ ಬಾಗಿಲು ಹತ್ತಿದರು. ಮತ್ತೆ ಅದೇ ಬೆನ್ನು. ಅಷ್ಟರಲ್ಲಿ ಬೆನ್ನು ತಿರುಗಿತು. ಧಕ್ಕೆಯ ಮೇಲೆ ನಿಂತವರನ್ನು ಬೋಟಿಗೆ ಎಳೆದುಕೊಳ್ಳುವಾಗ ಬಾಗುತ್ತಾರಲ್ಲ, ಹಾಗೆ ಬಾಗಿ, ಬಾಗಿಲಿನ ಕಂಬ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ನನ್ನ ಕಡೆಗೆ ಚಾಚಿದರು.

"ಬಾ" ಎಂದರು.

ಎರಡೇ ಮೆಟ್ಟಿಲು. ದಿನವೂ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಟೆಂಪೋ ಹತ್ತುವವಳಿಗೆ ಆ ಕೈ ಬೇಕಿರಲಿಲ್ಲ. ಆದರೂ ಗಟ್ಟಿಯಾಗಿ ಹಿಡಿದುಕೊಂಡೇ ಹತ್ತಿದೆ. ಆರತಿ ತಟ್ಟೆಯನ್ನು ದೇವರ ಗೂಡಿನ ಕೆಳಗಿಟ್ಟು, ಒಳಗಿನಿಂದಲೇ ಮುಂದೆ ಹೋಗಿ ಸ್ಟೇರಿಂಗಿನ ಹಿಂದೆ ಕೂತೆ. ಇವರು ನನ್ನ ಹಿಂದೆ ಬಂದರು. ಸ್ಟೇರಿಂಗನ್ನು ಒಮ್ಮೆ ನೋಡಿದರು. ಆಮೇಲೆ ಎಡಗಡೆಯ ಸೀಟಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕೈಗೆ ಕೆಲಸವಿಲ್ಲದೆ ಏನು ಮಾಡಬೇಕೆಂದು ತೋಚದೆ ಚೀಲದ ಹಿಡಿಯನ್ನೇ ಬಿಗಿಯಾಗಿ ಹಿಡಿದುಕೊಂಡರು.

ಎಂಜಿನ್ ಹಾಕಿದೆ. ದೂರದಲ್ಲಿ ಅಳಿವೆಯ ಕಡೆಯಿಂದ ಬೋಟುಗಳ ಸದ್ದು ಆಗಲೇ ಶುರುವಾಗಿತ್ತು. ನಮ್ಮ ಎಂಜಿನಿನ ಸದ್ದಿನಲ್ಲಿ ಅದು ಅಷ್ಟಾಗಿ ಕೇಳಿಸಲಿಲ್ಲ. ಪಕ್ಕಕ್ಕೆ ನೋಡಿದೆ. ಮುಖ ಕಂಡಿತು. ಕಿವಿಯ ಹತ್ತಿರ ಒಂದು ಹಳೇ ಗಾಯದ ಗುರುತಿತ್ತು, ಯಾವಾಗ ಆದದ್ದೋ. ಗೇರು ಹಾಕಿ ಅಂಗಳ ದಾಟಿಸುತ್ತಿದ್ದಾಗ ಇವರು ಒಮ್ಮೆ ಕೆಮ್ಮಿದರು.

"ಎಲ್ಲಿಗ್ ಹೋಪ್ದ್?" ಎಂದು ಕೇಳಿದರು.

ನಾನು ಗೇರು ಬದಲಿಸಿದೆ. ಗೇಟು ಹತ್ತಿರ ಬಂತು.

"ಅಲ್ದಾ, ಯಾವಾಗ್ ಬಪ್ದ್?"

"ಹೋಪತಿಗೆ ಕೇಂಬುಕಾಗ" ಎಂದೆ, ವ್ಯಾನನ್ನು ಗೇಟಿನಿಂದ ಆಚೆಗೆ ತಿರುಗಿಸಿದೆ.